ಲೆಕ್ಕದಲ್ಲಿ ಹಿಂದಿದ್ದರೆ ಡಿಗ್ರಿಯಲ್ಲಿ ಸ್ಟ್ಯಾಟಿಸ್ಟಿಕ್ಸ್ ಪಾಸಾಗಲು ಆಗುತ್ತಾ?

ಮನಃಶಾಸ್ತ್ರಕ್ಕೆ ಸೇರಿದ್ದೀರಿ, ಸ್ಟ್ಯಾಟಿಸ್ಟಿಕ್ಸ್ ಕಡ್ಡಾಯ ಅಂತ ಈಗ ಗೊತ್ತಾಗಿದೆ, ಶಾಲೆಯಿಂದಲೂ ಲೆಕ್ಕ ಅಂದರೆ ಭಯ. ಮೊದಲು ಕ್ಯಾಲ್ಕುಲಸ್ ಕಲಿಯಬೇಕಾ ಅಂತ ಕೇಳಿದ್ದೀರಿ. ಬೇಡ. ಆ ಸಮಯವನ್ನು ಭಿನ್ನರಾಶಿ, ದಶಾಂಶ, ಶೇಕಡಾ, ಮೈನಸ್ ಸಂಖ್ಯೆಗಳಿಗೆ ಕೊಡಿ.

ನಾನು ಪದವಿ ವಿದ್ಯಾರ್ಥಿಗಳಿಗೆ ಈ ಪಾಠ ಮಾಡುತ್ತೇನೆ. ಹೊಸ ವಿಷಯ ಹೇಳುವಾಗ ಎಲ್ಲರೂ ತಲೆಯಾಡಿಸುತ್ತಾರೆ. ಲೆಕ್ಕಕ್ಕೆ ಕೂತಾಗ ಮಾತ್ರ ಹಳೆಯ ತೊಂದರೆ ಹೊರಬರುತ್ತದೆ. 2, 4, 6, 8, 10 ತೆಗೆದುಕೊಳ್ಳಿ. ಸರಾಸರಿ 6. ಒಂದೊಂದೂ ಸರಾಸರಿಯಿಂದ ಎಷ್ಟು ದೂರ? -4, -2, 0, 2, 4. ಇವುಗಳ ವರ್ಗ 16, 4, 0, 4, 16, ಒಟ್ಟು 40. -4ರ ವರ್ಗ -16, -2ರ ವರ್ಗ -4 ಅಂತ ಬರೆದವರಿಗೆ ಒಟ್ಟು ಸೊನ್ನೆ ಬರುತ್ತದೆ. ಈ ಒಟ್ಟಿನಿಂದಲೇ ಸ್ಟ್ಯಾಂಡರ್ಡ್ ಡೀವಿಯೇಶನ್, ಅಂದರೆ ಸಂಖ್ಯೆಗಳು ಸರಾಸರಿಯಿಂದ ಎಷ್ಟು ಹರಡಿವೆ ಅನ್ನುವ ಅಳತೆ, ಸಿಗುವುದು. ಅದೂ ಸೊನ್ನೆ, ಅಂದರೆ ಐದೂ ಸಂಖ್ಯೆ ಒಂದೇ! ಕಣ್ಣೆದುರೇ ಬೇರೆ ಬೇರೆ ಸಂಖ್ಯೆಗಳಿದ್ದರೂ ಎಷ್ಟೋ ಜನ ಅದನ್ನು ಹಾಗೇ ಬರೆದು ಮುಂದೆ ಹೋಗುತ್ತಾರೆ. ಅವರು ದಡ್ಡರಲ್ಲ. ಗಮನವೆಲ್ಲ ಕೂಡುವುದು ಕಳೆಯುವುದರಲ್ಲೇ ಮುಗಿದಿರುತ್ತದೆ, ಉತ್ತರಕ್ಕೆ ಅರ್ಥವಿದೆಯಾ ಅಂತ ನೋಡಲು ಏನೂ ಉಳಿದಿರುವುದಿಲ್ಲ.

ದಶಾಂಶವೂ ಹೀಗೇ. ಪಿ-ವ್ಯಾಲ್ಯೂ ಅಂದರೆ ನಿಜಕ್ಕೂ ವ್ಯತ್ಯಾಸವೇ ಇಲ್ಲದಿದ್ದರೂ ಇಷ್ಟು ಅಥವಾ ಇನ್ನೂ ದೊಡ್ಡ ವ್ಯತ್ಯಾಸ ಕಾಣುವ ಸಾಧ್ಯತೆ; ಅದನ್ನು ಸಾಮಾನ್ಯವಾಗಿ 0.05ರ ಜೊತೆ ಹೋಲಿಸುತ್ತಾರೆ. 0.012 ದೊಡ್ಡದೋ 0.05 ದೊಡ್ಡದೋ ಅಂತ ತಡವರಿಸಿದರೆ ಅದನ್ನು ಓದಿ ತೀರ್ಮಾನ ಹೇಳುವುದು ಹೇಗೆ?

ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ ಭಿನ್ನರಾಶಿಯ ಛೇದ. 1000 ಜನರಲ್ಲಿ 10 ಮಂದಿಗೆ ಒಂದು ಕಾಯಿಲೆ ಇದೆ ಅನ್ನಿ. ಪರೀಕ್ಷೆ ಅವರಲ್ಲಿ 9 ಮಂದಿಯನ್ನು ಹಿಡಿಯುತ್ತದೆ. ಕಾಯಿಲೆ ಇಲ್ಲದ 990 ಜನರಲ್ಲೂ ಶೇ. 5ರಷ್ಟು, ಅಂದರೆ ಸುಮಾರು 50 ಮಂದಿಗೆ ತಪ್ಪಾಗಿ 'ಪಾಸಿಟಿವ್' ಬರುತ್ತದೆ. ಹಾಗಾದರೆ ಪಾಸಿಟಿವ್ ಬಂದ ಒಬ್ಬರಿಗೆ ನಿಜಕ್ಕೂ ಕಾಯಿಲೆ ಇರುವ ಸಾಧ್ಯತೆ ಎಷ್ಟು? ಶೇ. 90 ಅನ್ನುವವರೇ ಜಾಸ್ತಿ. ಅದು 10ರಲ್ಲಿ 9. ಇಲ್ಲಿ ಬೇಕಿರುವುದು 59ರಲ್ಲಿ 9, ಸುಮಾರು ಶೇ. 15. ಮೇಲಿನ 9 ಬದಲಾಗಿಲ್ಲ, ಕೆಳಗಿನ ಸಂಖ್ಯೆ ಮಾತ್ರ ಬದಲಾಗಿದೆ. 'ಇದು ಯಾವುದರಲ್ಲಿ ಇಷ್ಟು ಭಾಗ?' ಅಂತ ಪ್ರತಿ ಸಲ ಕೇಳಿಕೊಳ್ಳುವ ರೂಢಿ ಬಂದರೆ ಅರ್ಧ ಕೋರ್ಸ್ ಹಗುರ.

ಇದು ನನ್ನೊಬ್ಬನ ಅನಿಸಿಕೆಯಲ್ಲ. 2006ರಲ್ಲಿ 'ಜರ್ನಲ್ ಆಫ್ ಸ್ಟ್ಯಾಟಿಸ್ಟಿಕ್ಸ್ ಎಜುಕೇಶನ್' ಪತ್ರಿಕೆಯಲ್ಲಿ ಅಮೆರಿಕದ ಬಿಸಿನೆಸ್ ಸ್ಟ್ಯಾಟಿಸ್ಟಿಕ್ಸ್ ವಿದ್ಯಾರ್ಥಿಗಳ ಬಗ್ಗೆ ಒಂದು ಅಧ್ಯಯನ ಬಂತು. ಕ್ಯಾಲ್ಕುಲಸ್ ಓದಿದ್ದಾರಾ ಅಂತಲೂ ನೋಡಿದ್ದರು, ತೀರಾ ಸರಳ ಲೆಕ್ಕಗಳ ಒಂದು ಸಣ್ಣ ಪರೀಕ್ಷೆಯನ್ನೂ ಕೊಟ್ಟಿದ್ದರು. ಗ್ರೇಡಿನ ಜೊತೆ ಸಂಬಂಧ ಎದ್ದು ಕಂಡವುಗಳಲ್ಲಿ ಆ ಸಣ್ಣ ಪರೀಕ್ಷೆಯ ಅಂಕವೂ ಒಂದು. ಆದರೆ ಸಂಬಂಧವಿದೆ ಅಂದ ಮಾತ್ರಕ್ಕೆ ಅದೇ ಕಾರಣ ಅಂತಲ್ಲ, ಅಲ್ವಾ? ದಿನಾ ಕೂತು ಓದುವವರು ಎರಡರಲ್ಲೂ ಚೆನ್ನಾಗಿ ಮಾಡಿರಬಹುದು. ಅದೇ ಅಧ್ಯಯನದಲ್ಲಿ ಒಟ್ಟಾರೆ ಓದಿನ ಸರಾಸರಿ ಗ್ರೇಡಿಗೂ ಸಂಬಂಧ ಕಂಡಿತ್ತು.

'ಎಲ್ಲ ಕಂಪ್ಯೂಟರೇ ಮಾಡುತ್ತಲ್ಲ' ಅನ್ನಬಹುದು. ಮಾಡುತ್ತದೆ. ಆದರೆ 50ರ ಬದಲು 500 ಅಂತ ಟೈಪ್ ಆಗಿದ್ದರೆ ಅದು ಸುಮ್ನೆ ಸರಾಸರಿ ಕೊಟ್ಟುಬಿಡುತ್ತದೆ. ಅಂದಾಜು ಗೊತ್ತಿದ್ದವರು ಮಾತ್ರ ತಡೆದು ನೋಡುತ್ತಾರೆ.

ಕ್ಲಾಸ್ ಶುರುವಾಗುವ ಮೊದಲು ದಿನಾ ಸ್ವಲ್ಪ ಹೊತ್ತು ಕ್ಯಾಲ್ಕುಲೇಟರ್ ಇಲ್ಲದೆ ಕಾಗದದ ಮೇಲೆ ಮಾಡಿ. ವರ್ಗಮೂಲವನ್ನೂ ಸೇರಿಸಿಕೊಳ್ಳಿ. ಸ್ಯಾಂಪಲ್, ಅಂದರೆ ಅಧ್ಯಯನಕ್ಕೆ ಆಯ್ದವರ ಸಂಖ್ಯೆ, 100ರಿಂದ 400ಕ್ಕೆ ಏರಿದರೂ ಸ್ಟ್ಯಾಂಡರ್ಡ್ ಎರರ್ (ಅವರ ಸರಾಸರಿ ನಿಜವಾದ ಸರಾಸರಿಯಿಂದ ಎಷ್ಟು ಆಚೀಚೆ ಇರಬಹುದು ಅನ್ನುವ ಅಳತೆ) ಅರ್ಧಕ್ಕಷ್ಟೇ ಇಳಿಯುವುದು ಯಾಕೆ ಅನ್ನುವುದು ಅಲ್ಲೇ ಇದೆ: ಸ್ಯಾಂಪಲ್ ನಾಲ್ಕು ಪಟ್ಟು, ನಾಲ್ಕರ ವರ್ಗಮೂಲ ಎರಡು. ಸಿಗ್ಮಾ (Σ) ಚಿಹ್ನೆಗೂ ಹೆದರಬೇಡಿ, ಎಲ್ಲ ಕೂಡಿ ಅಂತ ಅಷ್ಟೇ. 1, 2, 3ರಲ್ಲಿ ಮೊದಲು ವರ್ಗ ಮಾಡಿ ಆಮೇಲೆ ಕೂಡಿದರೆ 14, ಮೊದಲು ಕೂಡಿ ಆಮೇಲೆ ವರ್ಗ ಮಾಡಿದರೆ 36. ಈ ವ್ಯತ್ಯಾಸ ನೋಡಿದ ಕೂಡಲೇ ಹೊಳೆಯುವಷ್ಟು ಅಭ್ಯಾಸವಾಗಿದ್ದರೆ ಮೊದಲ ಕೆಲವು ವಾರದ ಸೂತ್ರಗಳು ನಿಮ್ಮನ್ನು ಕಾಡುವುದಿಲ್ಲ.