ಎಕ್ಸ್‌ರೇ ಸರಿ ಇತ್ತು, ತಮ್ಮನ ಕಾಲು ಯಾಕೆ ಹೋಯಿತು?

ಪ್ರಶ್ನೆ: ನಮ್ಮದು ಮುಧೋಳ ತಾಲ್ಲೂಕಿನ ಹಳ್ಳಿ. ಕಬ್ಬಿನ ಟ್ರ್ಯಾಕ್ಟರ್ ಡಿಕ್ಕಿ ಹೊಡೆದು ತಮ್ಮನ ಮೊಣಕಾಲ ಕೆಳಗಿನ ಎಲುಬು ಮುರಿಯಿತು. ಖಾಸಗಿ ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಹಾಕಿದರು. ರಾತ್ರಿಯಿಡೀ ಚೀರಾಡಿದ. ಎಕ್ಸ್‌ರೇ ಸರಿ ಇದೆ, ಪಾದದ ನಾಡಿಯೂ ಸಿಗುತ್ತಿದೆ ಎಂದು ನೋವಿನ ಇಂಜೆಕ್ಷನ್ ಕೊಟ್ಟರು. ಮರುದಿನ ಸಂಜೆ ಬೆರಳು ಅಲ್ಲಾಡಲಿಲ್ಲ. ಬೆಳಗಾವಿಗೆ ಒಯ್ದು ಆಪರೇಷನ್ ಮಾಡಿಸಿದೆವು. ಈಗ ಪಾದ ಮೇಲೆತ್ತಲು ಬರುವುದಿಲ್ಲ. ಕೇಸ್ ಹಾಕಬಹುದೇ ಸರ್?

ಉತ್ತರ: ನೀವು ಹೇಳುವುದು ಕಂಪಾರ್ಟ್‌ಮೆಂಟ್ ಸಿಂಡ್ರೋಮ್ ಇದ್ದಂತಿದೆ. ಮೊಣಕಾಲ ಕೆಳಗೆ ಸ್ನಾಯುಗಳು ನಾಲ್ಕು ಗುಂಪಾಗಿರುತ್ತವೆ. ಒಂದೊಂದರ ಸುತ್ತಲೂ ಹಿಗ್ಗದ ಪೊರೆ. ಎಲುಬು ಮುರಿದಾಗ ಒಳಗೆ ಬಾವು ಬರುತ್ತದೆ, ಅದಕ್ಕೆ ಹಿಗ್ಗಲು ಜಾಗವೇ ಇಲ್ಲ, ಒತ್ತಡ ಏರಿ ಸಣ್ಣ ರಕ್ತನಾಳಗಳು ಮುಚ್ಚಿಕೊಳ್ಳುತ್ತವೆ, ಹಾಗೆಯೇ ಆರು ತಾಸು ದಾಟಿದರೆ ಸ್ನಾಯು, ನರ ಶಾಶ್ವತವಾಗಿ ಹಾಳಾಗಬಹುದು. ಎಕ್ಸ್‌ರೇಯಲ್ಲಿ ಎಲುಬು ಮಾತ್ರ ಕಾಣುತ್ತದೆ, ಒತ್ತಡ ಕಾಣುವುದಿಲ್ಲ. ದೊಡ್ಡ ನಾಳದಲ್ಲಿ ರಕ್ತ ಹರಿಯುತ್ತಲೇ ಇರುವುದರಿಂದ ನಾಡಿಯೂ ಸಿಗುತ್ತದೆ. ಅನುಭವಿಗಳೂ ಮೋಸ ಹೋಗುವುದು ಇಲ್ಲೇ.

ಆದರೆ ಸುಳಿವೇ ಇರುವುದಿಲ್ಲ ಅಂತಲ್ಲ. ಇಂಜೆಕ್ಷನ್‌ಗೂ ಬಗ್ಗದ ನೋವು, ಕಾಲ್ಬೆರಳನ್ನು ಮೆಲ್ಲಗೆ ಎಳೆದರೂ ಚೀರುವುದು, ಬಿಗಿದು ಗಟ್ಟಿಯಾದ ಮೀನಖಂಡ. ಹೀಗಿದ್ದರೆ ಪ್ಲಾಸ್ಟರನ್ನು ಒಳಗಿನ ಹತ್ತಿಯ ಸಮೇತ ತಕ್ಷಣ ಸೀಳಬೇಕು. ಅದಕ್ಕೂ ಇಳಿಯದಿದ್ದರೆ ಆಪರೇಷನ್ ಮಾಡಿ ಆ ಪೊರೆಯನ್ನೇ ಕೊಯ್ಯಬೇಕು. ಬೆಳಗಿನವರೆಗೆ ನೋಡೋಣ ಅನ್ನುವ ಕಾಯಿಲೆ ಅಲ್ಲವೇ ಅಲ್ಲ. ರಾತ್ರಿಯಿಡೀ ಚೀರುವವನಿಗೆ ಇಂಜೆಕ್ಷನ್ ಮೇಲೆ ಇಂಜೆಕ್ಷನ್ ಚುಚ್ಚಿದ್ದು ನನಗಂತೂ ಸರಿ ಕಾಣುವುದಿಲ್ಲ.

ಇನ್ನು ಕೇಸ್. ರೋಗ ಪತ್ತೆಯಾಗಲು ತಡವಾಯಿತು ಎಂಬುದಷ್ಟೇ ಸಾಲದು. ಸಾಧಾರಣ ಜಾಣ ಡಾಕ್ಟರೊಬ್ಬರು ಮಾಡುವಷ್ಟನ್ನು ಮಾಡಿದ್ದರೆ, ಅಂದಾಜು ತಪ್ಪಿದ್ದು ನಿರ್ಲಕ್ಷ್ಯವಾಗದು ಎಂದು 2005ರ ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕ್ರಿಮಿನಲ್ ಕೇಸಿಗಂತೂ ಘೋರ ನಿರ್ಲಕ್ಷ್ಯವೇ ಬೇಕು. ಹಾಗಾಗಿ ಆ ರಾತ್ರಿ ಯಾರಾದರೂ ಬಂದು ಬೆರಳು ಅಲ್ಲಾಡಿಸಿ ನೋಡಿದರಾ, ಡ್ಯೂಟಿ ಡಾಕ್ಟರಿಗೆ ಎಷ್ಟು ಹೊತ್ತಿಗೆ ಹೇಳಿದರು, ಪ್ಲಾಸ್ಟರ್ ಸಡಿಲಿಸಿದರಾ ಎಂಬುದರ ಮೇಲೆ ನಿಮ್ಮ ಕೇಸ್ ನಿಲ್ಲುತ್ತದೆ. ಇದೆಲ್ಲ ಸಿಗುವುದು ನರ್ಸ್‌ಗಳ ರಾತ್ರಿ ಚಾರ್ಟಿನಲ್ಲಿ. ಡಿಸ್ಚಾರ್ಜ್ ಕಾರ್ಡ್ ಒಂದನ್ನೇ ಹಿಡಿದು ವಕೀಲರ ಹತ್ತಿರ ಹೋಗಬೇಡಿ. ಪೂರ್ತಿ ಕೇಸ್ ಶೀಟ್ ಬೇಕೆಂದು ತಮ್ಮನ ಸಹಿ ಹಾಕಿಸಿ ಬರೆದುಕೊಡಿ, ಕೊಟ್ಟಿದ್ದಕ್ಕೆ ಸ್ವೀಕೃತಿ ಪಡೆಯಿರಿ. 72 ಗಂಟೆಯೊಳಗೆ ಕೊಡಬೇಕೆಂಬ ನಿಯಮ ಇದೆ. ಬೆಳಗಾವಿಯ ಆಪರೇಷನ್ ನೋಟ್ಸ್ ಕೂಡ ತೆಗೆದುಕೊಳ್ಳಿ. ಪೊರೆ ಕೊಯ್ದಾಗ ಸ್ನಾಯು ಯಾವ ಸ್ಥಿತಿಯಲ್ಲಿತ್ತು ಅಂತ ಅದರಲ್ಲಿ ಬರೆದಿರುತ್ತಾರೆ. ಎರಡನ್ನೂ ಬೇರೊಬ್ಬ ಎಲುಬು ತಜ್ಞರಿಗೆ ತೋರಿಸಿ, ಅಭಿಪ್ರಾಯ ಬರೆಸಿಕೊಳ್ಳಿ.

ನೀವು ಹಣ ಕೊಟ್ಟು ಚಿಕಿತ್ಸೆ ಪಡೆದಿರುವುದರಿಂದ ಬಾಗಲಕೋಟೆಯ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬಹುದು. ಎರಡು ವರ್ಷದೊಳಗೆ ದೂರು ಕೊಡಬೇಕು, ಸಂಧಾನ ಅಂತ ದಿನ ದೂಡಿಸಿಕೊಳ್ಳಬೇಡಿ. ಕಟ್ಟಿದ ಬಿಲ್ 5 ಲಕ್ಷ ರೂಪಾಯಿ ಒಳಗಿದ್ದರೆ ಶುಲ್ಕವೂ ಇಲ್ಲ.

ತಮ್ಮನ ಪಾದಕ್ಕೆ ಸ್ಪ್ಲಿಂಟ್, ಅಂದರೆ ಪಾದ ಜೋತುಬೀಳದಂತೆ ಹಿಡಿದಿಡುವ ಪಟ್ಟಿ, ಹಾಕಿಸಿದ್ದೀರಾ? ಬರೆದಿಲ್ಲ. ಇಲ್ಲದಿದ್ದರೆ ಈ ವಾರವೇ ಹಾಕಿಸಿ, ಫಿಸಿಯೋಥೆರಪಿ ಬಿಡಿಸಬೇಡಿ, ಪಾದ ಕೆಳಮುಖವಾಗಿಯೇ ಬಿಗಿದುಕೊಂಡರೆ ಮುಂದೆ ಕಷ್ಟ. ನರ ಚೇತರಿಸಿಕೊಳ್ಳದಿದ್ದರೂ, ಬೇರೆ ಸ್ನಾಯು ಚೆನ್ನಾಗಿ ಉಳಿದಿದ್ದರೆ ಅದರ ಸ್ನಾಯುರಜ್ಜು (ಸ್ನಾಯುವನ್ನು ಎಲುಬಿಗೆ ಕಟ್ಟುವ ಹುರಿ) ತಿರುಗಿಸಿ ಜೋಡಿಸುವ ಆಪರೇಷನ್ ಇದೆ. ಅದನ್ನು ಬೆಳಗಾವಿಯ ಡಾಕ್ಟರ ಹತ್ತಿರ ಕೇಳಿ ನೋಡಿ.