ದಶಾಜ್ಞೆ, ಕರ್ತನ ಪ್ರಾರ್ಥನೆ ಇನ್ನೂ ಯಾಕೆ?

ಓದುಗರ ಪತ್ರ: ಬೆಂಗಳೂರಿನ ಒಂದು ಸಭೆಯ ಯುವಜನ ಸಂಘದಲ್ಲಿ ದುಡಿಯುತ್ತಿದ್ದೇನೆ. ನಮ್ಮಲ್ಲಿ ದೃಢೀಕರಣಕ್ಕೆ (ತಮ್ಮ ನಂಬಿಕೆಯನ್ನು ಸಭೆಯ ಮುಂದೆ ತಾವೇ ಒಪ್ಪಿಕೊಳ್ಳುವ ವಿಧಿಗೆ) ಬರುವ ಮಕ್ಕಳಿಗೆ ಇಂದಿಗೂ ದಶಾಜ್ಞೆ, ಯೇಸು ಕಲಿಸಿದ ಕರ್ತನ ಪ್ರಾರ್ಥನೆ, ನಂಬಿಕೆಯ ಸಾರ ಹೇಳುವ ವಿಶ್ವಾಸ ಪ್ರಮಾಣ ಇಷ್ಟನ್ನೇ ಬಾಯಿಪಾಠ ಮಾಡಿಸುತ್ತಾರೆ. ಸಂಡೇ ಸ್ಕೂಲಿನಲ್ಲಿ ಕಲಿತದ್ದೇ ಮತ್ತೆ ಯಾಕೆ? ಪ್ರಥಮ ಬೋಧನೆಯನ್ನು ಬಿಟ್ಟು ಮುಂದಕ್ಕೆ ಸಾಗಬೇಕೆಂದು ಸತ್ಯವೇದದಲ್ಲಿ (ಬೈಬಲಿನಲ್ಲಿ) ಇಬ್ರಿಯರಿಗೆ ಬರೆದ ಪತ್ರಿಕೆಯ 6ನೇ ಅಧ್ಯಾಯವೇ ಹೇಳುತ್ತದೆ. ಈ ಪಾಠಗಳ ಬದಲು ನಾಯಕತ್ವ ತರಬೇತಿ, ಸಂಗೀತ, ವ್ಯಕ್ತಿತ್ವ ವಿಕಸನ ಇಟ್ಟರೆ ಮಕ್ಕಳು ಸಭೆ ಬಿಟ್ಟು ಹೋಗುವುದಿಲ್ಲ ಅನ್ನಿಸುತ್ತದೆ. ತಮ್ಮ ಅಭಿಪ್ರಾಯ ತಿಳಿಸಿ.

ಉತ್ತರ: ಮಕ್ಕಳ ಬಗ್ಗೆ ನಿಮಗಿರುವ ಕಾಳಜಿಗೆ ಮೊದಲು ವಂದನೆ. ಸಭೆಯ ಕೆಲಸಕ್ಕೆ ಕೈಹಾಕಿ, ಅದರ ಚಿಂತೆಯನ್ನೂ ಮಾಡಿ, ಪತ್ರ ಬರೆಯುವಷ್ಟು ಪುರುಸೊತ್ತು ಮಾಡಿಕೊಳ್ಳುವ ಯುವಕರು ಈಗ ಅಪರೂಪ. ಅರ್ಥ ಹೇಳದೆ ಬಾಯಿಪಾಠ ಮಾಡಿಸಿ, ಸಭಾಪಾಲಕರ ಮುಂದೆ ಒಪ್ಪಿಸಿ, ಬಿಳಿ ಬಟ್ಟೆ ಹಾಕಿಸಿ, ಫೋಟೋ ತೆಗೆಸಿ ಕಳಿಸಿಬಿಡುವ ತರಗತಿಗಳಿವೆ. ಅಂಥವುಗಳ ಮೇಲೆ ನಿಮಗೆ ಬೇಸರ ಬಂದಿದ್ದರೆ ಅದು ನ್ಯಾಯವೇ.

ಆದರೆ ವಚನವನ್ನು ನೀವು ಅರ್ಧಕ್ಕೇ ನಿಲ್ಲಿಸಿದ್ದೀರಿ. 6ನೇ ಅಧ್ಯಾಯಕ್ಕೆ ಮೊದಲು 5ನೇ ಅಧ್ಯಾಯದ 12ನೇ ವಚನ ಓದಿ. ಇಷ್ಟು ಕಾಲವಾದ ಮೇಲೆ ನೀವೇ ಬೋಧಕರಾಗಿರಬೇಕಿತ್ತು, ಈಗ ನೋಡಿದರೆ ದೇವರ ವಾಕ್ಯದ ಮೂಲಪಾಠಗಳನ್ನೇ ನಿಮಗೆ ಇನ್ನೊಬ್ಬರು ಮತ್ತೆ ಕಲಿಸಬೇಕಾಗಿದೆ ಎಂದು ಆ ಲೇಖಕ ನೊಂದು ಬರೆದಿದ್ದಾನೆ. ಮುಂದಕ್ಕೆ ಸಾಗೋಣ ಎಂಬ ಮಾತು ಬರುವುದು ಅದಾದ ಮೇಲೆ. ಬಿಟ್ಟು ಮುಂದೆ ಹೋಗಬೇಕಾದ ಪಾಠಗಳ ಪಟ್ಟಿಯೂ ಅಲ್ಲೇ ಇದೆ: ನಿರ್ಜೀವ ಕ್ರಿಯೆಗಳಿಂದ ಮಾನಸಾಂತರ, ದೇವರಲ್ಲಿ ನಂಬಿಕೆ, ಸ್ನಾನದೀಕ್ಷೆಗಳ ಬೋಧನೆ, ಹಸ್ತಾರ್ಪಣೆ, ಸತ್ತವರ ಪುನರುತ್ಥಾನ, ನಿತ್ಯವಾದ ನ್ಯಾಯತೀರ್ಪು. ಒಟ್ಟು ಆರು. ನಿಮ್ಮ ಸಂಘದ ಯುವಕರಲ್ಲಿ ಎಷ್ಟು ಮಂದಿ ಈ ಆರನ್ನೂ ತಮ್ಮದೇ ಮಾತಿನಲ್ಲಿ ಬಿಡಿಸಿ ಹೇಳಬಲ್ಲರು? ಪರೀಕ್ಷೆ ಮಾಡಲು ಕೇಳುತ್ತಿಲ್ಲ. ಹೋದಲ್ಲೆಲ್ಲ ಈ ಪ್ರಶ್ನೆ ನನ್ನನ್ನು ಕಾಡುತ್ತದೆ.

ಕಳೆದ ಮಳೆಗಾಲದಲ್ಲಿ ಒಬ್ಬ ಹಿರಿಯರ ಸಮಾಧಿ ಸಂಸ್ಕಾರಕ್ಕೆ ಹೋಗಿದ್ದೆ. ಗುಂಡಿಯ ಸುತ್ತ ಕೆಂಪು ಮಣ್ಣು ಕೆಸರಾಗಿತ್ತು, ಕೊಡೆಗಳು ಒಂದಕ್ಕೊಂದು ತಾಗುತ್ತಿದ್ದವು. ಸಭಾಪಾಲಕರು ವಿಶ್ವಾಸ ಪ್ರಮಾಣ ಶುರುಮಾಡಿದರು. ಯೇಸುವಿಗೆ ಶಿಲುಬೆಯ ಶಿಕ್ಷೆ ಕೊಟ್ಟ ಅಧಿಪತಿ 'ಪೊಂತ್ಯ ಪಿಲಾತನ' ಹೆಸರಿನವರೆಗೆ ಎಲ್ಲರ ದನಿಯೂ ಇತ್ತು. ಅಲ್ಲಿಂದ ಮುಂದೆ ಒಂದೊಂದೇ ದನಿ ಇಳಿಯುತ್ತಾ ಬಂತು. 'ಶರೀರದ ಪುನರುತ್ಥಾನ' ಎನ್ನುವ ಹೊತ್ತಿಗೆ ನಾಲ್ಕಾರು ಅಜ್ಜಿಯರು ಮತ್ತು ಸಭಾಪಾಲಕರು ಮಾತ್ರ ಹೇಳುತ್ತಿದ್ದರು. ಹೊರಡುವಾಗ ತೀರಿಹೋದವರ ಮೊಮ್ಮಗ, ಎಂಜಿನಿಯರಿಂಗ್ ಮುಗಿಸಿದ ಹುಡುಗ, ಪಕ್ಕಕ್ಕೆ ಬಂದು ಕೇಳಿದ: 'ಅಂಕಲ್, ಆತ್ಮ ಪರಲೋಕಕ್ಕೆ ಹೋಗುತ್ತದೆ ಅಂತ ತಾನೇ ನಾವು ನಂಬುವುದು? ಮತ್ತೆ ಶರೀರದ ಮಾತು ಯಾಕೆ ಬಂತು?' ಅವನು ದೃಢೀಕರಣ ಪಡೆದವನು. ರಜಾಕಾಲದ ಬೈಬಲ್ ಶಾಲೆಯಲ್ಲಿ ಪಾಠ ಹೇಳಿದವನು. ಗಿಟಾರ್ ನುಡಿಸುತ್ತಾನೆ, ನೂರು ಜನರ ಮುಂದೆ ನಿಂತು ಮಾತಾಡಬಲ್ಲ. ನೀವು ಕೇಳುವ ತರಬೇತಿಯೆಲ್ಲ ಅವನಿಗೆ ಸಿಕ್ಕಿದೆ. ತನ್ನ ಅಜ್ಜನನ್ನು ಮಣ್ಣಿಗೆ ಇಳಿಸುವಾಗ ಸಭೆ ಯಾವ ನಿರೀಕ್ಷೆಯನ್ನು ಸಾರುತ್ತಿದೆ ಎಂದು ಮಾತ್ರ ಯಾರೂ ಅವನಿಗೆ ಹೇಳಿರಲಿಲ್ಲ. ಆ ಗುಂಡಿಯೇ ಕೊನೆಯಲ್ಲ, ಕ್ರಿಸ್ತನು ಎದ್ದಂತೆ ಈ ದೇಹವೂ ಏಳುತ್ತದೆ ಎಂಬ ಮಾತನ್ನು ಕೊರಿಂಥದವರಿಗೆ ಬರೆದ ಮೊದಲ ಪತ್ರಿಕೆಯ 15ನೇ ಅಧ್ಯಾಯ ತೆರೆದು, ಸ್ಮಶಾನದ ಗೇಟಿನ ಬಳಿ ನಿಂತೇ ಓದಿದೆವು. ಅವನ ಕಣ್ಣಲ್ಲಿ ನೀರಿತ್ತು.

ಇದು ನಮ್ಮ ಕಾಲದ ಕಾಯಿಲೆ ಮಾತ್ರ ಎಂದುಕೊಳ್ಳಬೇಡಿ. 1528ರಲ್ಲಿ ಸಭಾ ಸುಧಾರಕ ಮಾರ್ಟಿನ್ ಲೂಥರ್ ಜರ್ಮನಿಯ ಸ್ಯಾಕ್ಸನಿ ಪ್ರಾಂತ್ಯದ ಸಭೆಗಳನ್ನು ನೋಡಲು ಹೋದಾಗ ಹಳ್ಳಿಗಳಲ್ಲಿ ಜನರಿಗೆ ಕರ್ತನ ಪ್ರಾರ್ಥನೆಯೂ ಬಾರದು, ಅದನ್ನು ಕಲಿಸುವ ಯೋಗ್ಯತೆ ಎಷ್ಟೋ ಪಾದ್ರಿಗಳಿಗೂ ಇಲ್ಲ ಎಂದು ಕಂಡು ಸಂಕಟಪಟ್ಟ. ಸುಧಾರಣೆ ಶುರುವಾಗಿ ಹತ್ತು ವರ್ಷ ಆಗಿತ್ತು. ವಾದ, ಗ್ರಂಥ, ಸಭೆ, ಸಮ್ಮೇಳನ ಎಲ್ಲವೂ ನಡೆದಿದ್ದವು. ಮರುವರ್ಷವೇ ಅವನು ಚಿಕ್ಕ ಪ್ರಶ್ನೋತ್ತರ (ನಂಬಿಕೆಯ ಮೂಲಪಾಠಗಳನ್ನು ಪ್ರಶ್ನೆ, ಉತ್ತರವಾಗಿ ಕಲಿಸುವ ಪುಸ್ತಕ) ಬರೆದ, ಮೊದಲು ಗೋಡೆಗೆ ಅಂಟಿಸುವ ಹಾಳೆಗಳಾಗಿ, ಆಮೇಲೆ ಪುಸ್ತಕವಾಗಿ. ಮನೆಯ ಯಜಮಾನ ತನ್ನ ಮನೆಯವರಿಗೆ ಕಲಿಸಲಿ ಎಂಬುದು ಅವನ ಆಸೆ. ದೊಡ್ಡ ಪ್ರಶ್ನೋತ್ತರದ ಮುನ್ನುಡಿಯಲ್ಲಿ ತನ್ನ ವಿಷಯವನ್ನೂ ಹೇಳಿಕೊಂಡಿದ್ದಾನೆ: ತಾನು ಪಂಡಿತ, ಬೋಧಕ, ಆದರೂ ಪ್ರತಿ ಬೆಳಿಗ್ಗೆ ಮಗುವಿನಂತೆ ಆಜ್ಞೆ, ವಿಶ್ವಾಸ ಪ್ರಮಾಣ, ಕರ್ತನ ಪ್ರಾರ್ಥನೆ ಒಪ್ಪಿಸುತ್ತೇನೆ, ಕೊನೆತನಕ ಇದರ ವಿದ್ಯಾರ್ಥಿಯಾಗಿಯೇ ಇರುತ್ತೇನೆ ಎಂದು. ಇಡೀ ಸತ್ಯವೇದವನ್ನು ಜರ್ಮನ್ ಭಾಷೆಗೆ ತಂದ ಮನುಷ್ಯ ಸಾಕು ಎನ್ನದ ಪಾಠ ನಮ್ಮ ಹದಿನೈದರ ಮಕ್ಕಳಿಗೆ ಹೇಗೆ ಸಾಕಾಯಿತು?

ಇನ್ನೊಂದು ಪ್ರಸಂಗ ನನಗೆ ಬಹಳ ಪ್ರಿಯವಾದದ್ದು. ದೈವಶಾಸ್ತ್ರಜ್ಞ ಕಾರ್ಲ್ ಬಾರ್ತ್ ಹುಟ್ಟಿದ್ದು ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ, 1834ರಲ್ಲಿ ನಮ್ಮ ಮಂಗಳೂರಿಗೆ ಮಿಷನರಿಗಳನ್ನು ಕಳಿಸಿದ ಅದೇ ಊರಿನಲ್ಲಿ. ಹಿಟ್ಲರನಿಗೆ ನಿಷ್ಠೆಯ ಪ್ರಮಾಣ ಮಾಡಲು ಒಪ್ಪದ ಕಾರಣ 1935ರಲ್ಲಿ ಜರ್ಮನಿಯ ಬಾನ್ ವಿಶ್ವವಿದ್ಯಾಲಯದ ಕೆಲಸ ಕಳೆದುಕೊಂಡವರು. ಯುದ್ಧ ಮುಗಿದು 1946ರ ಬೇಸಿಗೆಯಲ್ಲಿ ಅದೇ ಬಾನ್‌ಗೆ ಪಾಠ ಹೇಳಲು ಬಂದರು. ಕಟ್ಟಡ ಅರ್ಧ ಕುಸಿದಿತ್ತು. ಬೆಳಿಗ್ಗೆ ಏಳಕ್ಕೆ ಕೀರ್ತನೆ ಹಾಡಿ ಪಾಠ ಶುರು. ಎಂಟಾಗುವಷ್ಟರಲ್ಲಿ ಅಂಗಳದಲ್ಲಿ ಕಲ್ಲುಮಣ್ಣು ಪುಡಿಮಾಡುವ ಯಂತ್ರದ ಗಲಾಟೆ. ಎದುರಿಗೆ ನಗುವುದನ್ನೇ ಮರೆತ ವಿದ್ಯಾರ್ಥಿಗಳು. ಅಷ್ಟು ಹೊತ್ತಿಗೆ ಬಾರ್ತ್ ಸಾವಿರಾರು ಪುಟಗಳ ದೈವಶಾಸ್ತ್ರ ಬರೆದಾಗಿತ್ತು. ಆ ಅವಶೇಷಗಳ ನಡುವೆ ಅವರು ಕೈಗೆತ್ತಿಕೊಂಡದ್ದು ಅಪೊಸ್ತಲರ ವಿಶ್ವಾಸ ಪ್ರಮಾಣವನ್ನು, ಒಂದೊಂದೇ ಸಾಲಾಗಿ. ರಾಷ್ಟ್ರ, ರಕ್ತ, ನಾಯಕ ಎಂದು ಸುವಾರ್ತೆಗೆ ಬೇರೇನನ್ನೋ ಬೆರೆಸಿ ಹಾಳಾದ ಸಭೆಗೆ ಬೇಕಾದದ್ದು ಅದೇ ಎಂದು ಅವರಿಗೆ ಗೊತ್ತಿತ್ತು.

ನಮ್ಮ ಕರಾವಳಿಯಲ್ಲೂ ಇಂಥದ್ದು ನಡೆದಿದೆ. 1914ರಲ್ಲಿ ಮೊದಲ ಮಹಾಯುದ್ಧ ಶುರುವಾದ ಮೇಲೆ ಬಾಸೆಲ್ ಮಿಷನ್ನಿನ ಜರ್ಮನರನ್ನು ಬ್ರಿಟಿಷ್ ಸರ್ಕಾರ ಬಂಧನದಲ್ಲಿಟ್ಟು ವಾಪಸು ಕಳಿಸಿತು. ಸಭೆಯ ಎಷ್ಟೋ ಕುಟುಂಬಗಳಿಗೆ ಅನ್ನ ಕೊಟ್ಟ ಹಂಚಿನ ಕಾರ್ಖಾನೆ, ನೇಯ್ಗೆ ಕಾರ್ಖಾನೆಗಳು ಮಿಷನ್ನಿನ ಕೈ ತಪ್ಪಿದವು. ಸಭೆ ಮಾತ್ರ ಮುಚ್ಚಲಿಲ್ಲ. ಊರಿನವರೇ ಮುಂದೆ ನಿಂತು ಆರಾಧನೆ ನಡೆಸಿದರು. ಅವರು ಯಾವ ನಾಯಕತ್ವ ಶಿಬಿರಕ್ಕೆ ಹೋದವರು, ಹೇಳಿ? ಮನೆಯಲ್ಲಿ ಸಂಜೆ ದೀಪ ಹಚ್ಚಿದ ಮೇಲೆ ಸತ್ಯವೇದ ಓದಿ, ಹಾಡಿ, ಕರ್ತನ ಪ್ರಾರ್ಥನೆ ಹೇಳಿ ಬೆಳೆದವರು.

ಈಗಿನ ನಮ್ಮ ಸ್ಥಿತಿ ನೋಡಿ. ವರ್ಷದ ಕೊನೆಯ ರಾತ್ರಿ ಆರಾಧನೆಯಲ್ಲಿ ಎಲ್ಲರಿಗೂ ವಾಗ್ದಾನದ ಕಾರ್ಡು ಹಂಚುತ್ತೇವೆ. ಅದರಲ್ಲಿ ಯೆರೆಮೀಯ 29ರ 11ನೇ ವಚನ ಇದ್ದೇ ಇರುತ್ತದೆ: ನಿಮಗೆ ಒಳ್ಳೆಯ ಗತಿ, ಒಳ್ಳೆಯ ನಿರೀಕ್ಷೆ. ಅದರ ಹಿಂದಿನ 10ನೇ ವಚನ ಯಾವ ಕಾರ್ಡಿನಲ್ಲೂ ನನ್ನ ಕಣ್ಣಿಗೆ ಬಿದ್ದಿಲ್ಲ. ಅದು ಬಾಬೆಲಿನ ಸೆರೆ ಎಪ್ಪತ್ತು ವರ್ಷ ಎನ್ನುತ್ತದೆ. ಅದು ಬಾಬೆಲಿಗೆ ಸೆರೆಯಾಗಿ ಹೋದವರಿಗೆ ಪ್ರವಾದಿ ಯೆರೆಮೀಯ ಬರೆದ ಪತ್ರ; ಅದನ್ನು ಕೇಳಿಸಿಕೊಂಡವರಲ್ಲಿ ಹೆಚ್ಚಿನವರು ಬಿಡುಗಡೆ ನೋಡದೆಯೇ ತೀರಿಹೋಗುವವರು. ಮನೆ ಕಟ್ಟಿ, ತೋಟ ಮಾಡಿ, ಸೆರೆಯಾಗಿ ಹೋದ ಊರಿಗೇ ಕ್ಷೇಮ ಬೇಡಿರಿ ಎಂದು ಅವರಿಗೆ ಅಪ್ಪಣೆಯಾಯಿತು. ಇದನ್ನು ಬಿಟ್ಟು ಬರೀ ಆಶೀರ್ವಾದ ಹಂಚಿದರೆ, ಕೆಲಸ ಹೋದ, ಮಗು ಕಾಯಿಲೆ ಬಿದ್ದ ಮೊದಲ ವರ್ಷವೇ ನಂಬಿಕೆ ಕುಸಿಯುತ್ತದೆ. ಮಕ್ಕಳು ಸಭೆ ಬಿಡುವುದು ಪಾಠ ಹೆಚ್ಚಾಗಿ ಎಂದು ನೀವು ಹೇಳುತ್ತೀರಿ. ಕಷ್ಟ ಬಂದಾಗ ಕೈಯಲ್ಲಿ ಹಿಡಿಯಲು ಏನೂ ಇಲ್ಲದೆ ಬಿಡುತ್ತಾರೆ ಎಂದು ನಾನು ಹೇಳುತ್ತೇನೆ.

ಸಭಾ ಚುನಾವಣೆಯ ಜಗಳ, ಆಸ್ತಿಗಾಗಿ ಕೋರ್ಟಿನ ಮೆಟ್ಟಿಲು, ಹೆಬ್ಬಾಗಿಲಿಗೆ ಫ್ಲೆಕ್ಸು: ಇವೂ ನಿಮಗೆ ಗೊತ್ತಿರುವಂಥವೇ. 'ನೆರೆಯವನ ಮೇಲೆ ಸುಳ್ಳುಸಾಕ್ಷಿ ಹೇಳಬಾರದು' ಎಂಬ ಆಜ್ಞೆಯನ್ನು ನಿಜವಾಗಿ ಕಲಿತ ಸಭೆಯಲ್ಲಿ ಸಮಿತಿಯ ಚುನಾವಣೆಗೆ ಎದುರಾಳಿಯ ಹೆಸರು ಕೆಡಿಸುವ ಕರಪತ್ರಗಳು ಅಚ್ಚಾಗುತ್ತಿರಲಿಲ್ಲ. 'ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸಿದಂತೆ' ಎಂದು ಪ್ರತಿ ಭಾನುವಾರ ಬಾಯಿಬಿಟ್ಟು ಹೇಳಿ, ಅದೇ ಸಾಲಿನಲ್ಲಿ ಕೂತ ಅಣ್ಣನ ಮುಖ ನೋಡದೆ ಮನೆಗೆ ಹೋಗುವವರು ಆ ಪಾಠ ದಾಟಿ ಮುಂದೆ ಹೋದವರೆಂದು ಯಾರು ಹೇಳಿಯಾರು?

ನಿಮ್ಮ ಸಂಗೀತ, ತರಬೇತಿ ಶನಿವಾರ ಇರಲಿ, ಯಾರೂ ಬೇಡ ಎನ್ನುವುದಿಲ್ಲ. ಭಾನುವಾರದ ತರಗತಿಯನ್ನು ಮಾತ್ರ ಈ ಸಲ ನೀವೇ ವಹಿಸಿಕೊಳ್ಳಿ. ಸಭಾಪಾಲಕರನ್ನು ಕೇಳಿದರೆ ಸಂತೋಷದಿಂದ ಒಪ್ಪುತ್ತಾರೆ. ಒಂದು ಭಾನುವಾರಕ್ಕೆ ಒಂದೇ ಸಾಲು ತೆಗೆದುಕೊಳ್ಳಿ. ಬಾಯಿಪಾಠಕ್ಕೆ ಮೊದಲು ಮಕ್ಕಳು ಕೇಳುವುದನ್ನೆಲ್ಲ ಕೇಳಲಿ: ಪಿಲಾತನ ಹೆಸರು ಇಲ್ಲಿ ಯಾಕೆ, ಅನುದಿನದ ಆಹಾರ ಈಗಾಗಲೇ ಫ್ರಿಜ್ಜಿನಲ್ಲಿದ್ದರೆ ಬೇಡುವುದು ಯಾಕೆ, ಅಜ್ಜ ಎದ್ದು ಬರುವಾಗ ಹೇಗಿರುತ್ತಾರೆ. ಉತ್ತರ ತಿಳಿಯದಿದ್ದಲ್ಲಿ ಬರೆದಿಟ್ಟುಕೊಂಡು ನಮಗೆ ಕಳಿಸಿ. ಅವುಗಳಿಗೆ ಈ ಪುಟಗಳಲ್ಲಿ ಜಾಗ ಇಟ್ಟಿರುತ್ತೇವೆ.

- ಸಂ.