ನಿಟ್ಟುಸಿರಿಗೂ ಯಕೃತ್ತಿಗೂ ಏನು ಸಂಬಂಧ?

ಪ್ರಶ್ನೆ: ನಾನು ಸಿಂಗಪುರದಲ್ಲಿ ನೆಲೆಸಿರುವ 42 ವರ್ಷದ ಗೃಹಿಣಿ. ಕೆಲವು ತಿಂಗಳಿಂದ ಪದೇ ಪದೇ ನಿಟ್ಟುಸಿರು ಬರುತ್ತಿದೆ. ಇಲ್ಲಿಯ ಚೀನೀ ವೈದ್ಯರೊಬ್ಬರು ನಾಡಿ, ನಾಲಗೆ ನೋಡಿ, ಯಕೃತ್ತಿನ ‘ಚಿ’ (ಪ್ರಾಣಶಕ್ತಿ) ಕಟ್ಟಿಕೊಂಡಿದೆ ಎಂದು ಗಿಡಮೂಲಿಕೆಯ ಪುಡಿ ಕೊಟ್ಟಿದ್ದಾರೆ. ರಕ್ತಪರೀಕ್ಷೆಯಲ್ಲಿ ಯಕೃತ್ತು ಸರಿಯಾಗಿಯೇ ಇದೆ. ಯಾರನ್ನು ನಂಬಲಿ?

ಉತ್ತರ: ಇಬ್ಬರ ಮಾತಿನಲ್ಲೂ ವಿರೋಧವಿಲ್ಲ. ಪ್ರಯೋಗಾಲಯವು ಅಳೆಯುವುದು ಯಕೃತ್ತೆಂಬ ಅಂಗದ ಸ್ಥಿತಿಯನ್ನು. ಚೀನೀ ವೈದ್ಯರ ಲೆಕ್ಕದಲ್ಲಿ ಯಕೃತ್ತೆಂದರೆ ಮೈಯಲ್ಲೆಲ್ಲ ಪ್ರಾಣಶಕ್ತಿಯು ತಡೆಯಿಲ್ಲದೆ ಹರಿಯುವಂತೆ ನೋಡಿಕೊಳ್ಳುವ, ಮನಸ್ಸಿನ ಏರಿಳಿತಗಳನ್ನೂ ಹದದಲ್ಲಿಡುವ ವ್ಯವಸ್ಥೆ. ನುಂಗಿಕೊಂಡ ಸಿಟ್ಟು, ಹೇಳಿಕೊಳ್ಳಲಾಗದ ಬೇಸರ ಆ ಹರಿವನ್ನು ತಡೆದಾಗ ಎದೆ ಬಿಗಿಯುತ್ತದೆ, ನಿಟ್ಟುಸಿರು ಬಿಟ್ಟರೆ ಕ್ಷಣಕಾಲ ಹಗುರಾಗುತ್ತದೆ ಎಂಬುದು ಅವರ ವಿವರಣೆ. ಚೀನೀ ವೈದ್ಯದ ಪ್ರಾಚೀನ ‘ಹುವಾಂಗ್‌ದಿ ನೇಯ್‌ಜಿಂಗ್’ ಗ್ರಂಥದಲ್ಲಿ ಮನುಷ್ಯ ಏಕೆ ನಿಟ್ಟುಸಿರಿಡುತ್ತಾನೆ ಎಂದು ಚಕ್ರವರ್ತಿಯು ಕೇಳುತ್ತಾನೆ. ಚಿಂತೆಯಿಂದ ಹೃದಯದ ಬಂಧಗಳು ಬಿಗಿದು ಉಸಿರಿನ ದಾರಿ ಕಿರಿದಾಗುವುದರಿಂದ ಅದನ್ನು ಹಿಗ್ಗಿಸಲು ಮನುಷ್ಯ ನಿಟ್ಟುಸಿರಿಡುತ್ತಾನೆ ಎಂದು ವೈದ್ಯ ಚಿಬೋ ಉತ್ತರಿಸುತ್ತಾನೆ. ಅದೇ ಗ್ರಂಥವು ನಿಟ್ಟುಸಿರಿನ ಜೊತೆಗೆ ಬಾಯಿ ಕಹಿಯಾದರೆ ಪಿತ್ತಕೋಶದ ಕಡೆ ಬೆರಳು ತೋರಿಸುತ್ತದೆ. ಆದ್ದರಿಂದ ಬಲ್ಲ ವೈದ್ಯರು ನಿಟ್ಟುಸಿರೊಂದನ್ನೇ ಹಿಡಿದು ತೀರ್ಮಾನಕ್ಕೆ ಬರುವುದಿಲ್ಲ: ಪಕ್ಕೆಲುಬಿನ ಕೆಳಗೆ ಬಿಗಿತವಿದೆಯೇ, ಗಂಟಲಲ್ಲಿ ಏನೋ ಸಿಕ್ಕಿಕೊಂಡಂತಿದೆಯೇ, ಮುಟ್ಟಿನ ಮುಂಚೆ ಸ್ತನಗಳು ನೋಯುತ್ತವೆಯೇ ಎಂದು ಕೇಳುತ್ತಾರೆ, ಬೆರಳಿನಡಿ ನಾಡಿಯು ಬಿಗಿದ ತಂತಿಯಂತೆ ಸಿಗುತ್ತದೆಯೇ ಎಂದು ನೋಡುತ್ತಾರೆ. ನಿಮ್ಮನ್ನು ಇಷ್ಟು ಕೇಳಿರದಿದ್ದರೆ ನೀವೇ ಹೇಳಿ.

ಈ ಸ್ಥಿತಿಗೆ ಸಾಮಾನ್ಯವಾಗಿ ಕೊಡುವ, ಚೀನಾದ ಸೋಂಗ್ ರಾಜವಂಶದ ಕಾಲದ ‘ಶಿಯಾವ್ ಯಾವ್ ಸಾನ್’ ಪುಡಿಯಲ್ಲಿ ಛಾಯ್‌ಹೂ ಬೇರು, ದಾಂಗ್‌ಗುಯಿ ಎಂಬ ಇನ್ನೊಂದು ಚೀನೀ ಬೇರು, ಜ್ಯೇಷ್ಠಮಧು, ಪುದೀನ, ಶುಂಠಿ ಮೊದಲಾದವು ಇರುತ್ತವೆ. ನಿಮ್ಮದು ಅದೇ ಪುಡಿಯೇ ಎಂದು ಕೇಳಿಕೊಳ್ಳಿ. ವಾರ್ಫರಿನ್‌ನಂತಹ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ಸೇವಿಸುವವರಿಗೆ ದಾಂಗ್‌ಗುಯಿ ಅಪಾಯಕಾರಿಯಾಗಬಹುದು. ಜ್ಯೇಷ್ಠಮಧು ಹೆಚ್ಚಾದರೆ ರಕ್ತದೊತ್ತಡ ಏರಬಹುದು.

ನಿಟ್ಟುಸಿರು ತಾನಾಗಿ ರೋಗವಲ್ಲ. ಆರೋಗ್ಯವಂತರೂ ಗಂಟೆಗೆ ಹಲವು ಬಾರಿ ತಮಗರಿವಿಲ್ಲದೆಯೇ ನಿಟ್ಟುಸಿರಿಡುತ್ತಾರೆ. ಶ್ವಾಸಕೋಶದ ಕುಸಿದ ಗಾಳಿಚೀಲಗಳು ಅದರಿಂದ ಮತ್ತೆ ತೆರೆದುಕೊಳ್ಳುತ್ತವೆ. ಅದು ಲೆಕ್ಕ ಮೀರಿದಾಗ ಆತಂಕ ಕಾರಣವಾಗಿರುವುದುಂಟು. ರಕ್ತಹೀನತೆ, ಅಸ್ತಮಾ, ಹೃದ್ರೋಗಗಳಲ್ಲಾಗುವ ಉಸಿರಿನ ಕೊರತೆಯನ್ನೂ ನಿಟ್ಟುಸಿರೆಂದು ಭಾವಿಸುವವರಿದ್ದಾರೆ. ಹಿಮೋಗ್ಲೋಬಿನ್ ಮತ್ತು ಹೃದಯದ ಪರೀಕ್ಷೆ ಆಗಿಲ್ಲದಿದ್ದರೆ ಮೊದಲು ಮಾಡಿಸಿ. ಮೆಟ್ಟಿಲು ಹತ್ತುವಾಗ ಏದುಸಿರು, ಎದೆನೋವು ಅಥವಾ ಕಾಲೂತ ಕಂಡರೆ ಪುಡಿಯ ಫಲಕ್ಕಾಗಿ ಕಾಯದೆ ಆಸ್ಪತ್ರೆಗೆ ಹೋಗಿ.